ಆಯಾಳ ಕೊರಳಿನ ದನಿ

ಆ ಊರಿನ ತಾಯಂದಿರೆಲ್ಲರಂತೆ ವೈಜಯಂತಿಯೂ ಕೆಲಸಕ್ಕೆ ಹೊರಡುವ ಮುಂಚೆ ತನ್ನ ದನಿಯ ಪಟ್ಟಿಯನ್ನು ಆಯಾಳ ಕೊರಳಿಗೆ ಕಟ್ಟುತ್ತಿದ್ದಳು. ಕಟ್ಟಿಕೊಂಡವರು ಏನು ಮಾತಾಡಿದರೂ ತಾಯಿಯ ದನಿಯಲ್ಲೇ ಕೇಳುವುದರಿಂದ ಮಗು ಹಟ ಮಾಡುತ್ತಿರಲಿಲ್ಲ.

ಒಂದು ಸಂಜೆ ಮನೆಗೆ ಬಂದವಳೇ ಆಯಾ ಪುಟ್ಟತಾಯಮ್ಮನನ್ನು ಕೂರಿಸಿಕೊಂಡು ಯಾರ ಕೆಲಸ ಯಾವುದೆಂದು ಗೊತ್ತುಮಾಡಿದಳು. “ಮಗು ಸ್ನಾನ, ಊಟ, ಬಟ್ಟೆ ನಿಮ್ಮದು. ಕಸ ಮುಸುರೆ ನಿಮ್ಮ ತಲೆಗೆ ಕಟ್ಟೋದು ನ್ಯಾಯ ಅಲ್ಲ, ಅದು ನಂದು. ಜೋಗುಳಾನೂ ನಂದೇ.”

“ಹಾಡ್ದಿದ್ರೆ ಮಲಗಾಕಿಲ್ಲ ಕಣವ್ವ,” ಎಂದಳು ಪುಟ್ಟತಾಯಮ್ಮ, ಪಟ್ಟಿ ಇನ್ನೂ ಬಿಚ್ಚಿರದ ಕೊರಳಿನಿಂದ, ವೈಜಯಂತಿಯದೇ ದನಿಯಲ್ಲಿ. “ಹಾಡೋದೂ ನಿಮ್ ಗಂಟ್ಲೇ ಅಲ್ವಾ?”

ತನ್ನ ಗಂಟಲು ತನಗಿಂತ ಇಂಪಾಗಿ ನುಡಿದದ್ದು ಕೇಳಿ ವೈಜಯಂತಿಯ ಹೊಟ್ಟೆಯಲ್ಲಿ ಕಿಚ್ಚೆದ್ದಿತು. “ಹಾಗಾದ್ರೆ ಇವತ್ತು ಮುಸುರೆ ನೀವೇ ತಿಕ್ಕಿ,” ಎಂದು ಮಗುವನ್ನು ಎತ್ತಿಕೊಂಡಳು.

ಅವಳು ಹಾಡಿದಷ್ಟೂ ಮಗು ಮುಖ ಸಿಂಡರಿಸಿತು. ಅಡುಗೆಮನೆಯಲ್ಲಿ ತಪ್ಪಲೆ ತಿಕ್ಕುತ್ತಾ ಪುಟ್ಟತಾಯಮ್ಮ ಗುನುಗತೊಡಗಿದಳು. ಮಗು ತೊಡೆಯಿಂದ ಜಾರಿ, ಅತ್ತ ಕೈಚಾಚಿ, ಮೊಟ್ಟಮೊದಲ ಬಾರಿಗೆ “ಅಮ್ಮ” ಎಂದಿತು.

ವೈಜಯಂತಿ ಎದ್ದುಹೋಗಿ ಆಯಾಳ ಕೈಯಿಂದ ತಪ್ಪಲೆ ತೆಗೆದುಕೊಂಡಳು. “ಹೋಗಿ, ಮಲಗಿಸಿ.”

ಒಳಗೆ ತನ್ನದೇ ದನಿ ಜೋಗುಳ ಹಾಡುತ್ತಿದ್ದಷ್ಟು ಹೊತ್ತೂ, ಅದು ಕಿವಿಗೆ ಬೀಳದಿರಲೆಂದು, ಅವಳು ತೊಳೆದ ತಪ್ಪಲೆಯನ್ನೇ ಸದ್ದು ಮಾಡುತ್ತಾ ಮತ್ತೆ ಮತ್ತೆ ತಿಕ್ಕಿದಳು.