ಮೊದಲನೇ ದನಿ

"ಸಮುದ್ರದ ತಳ ಮುಟ್ಟದೇ ತಳದ ಸುದ್ದಿ ತಿಳಕೊಳ್ಳೂದೇ ನನ್ನ ಕೆಲಸರಿ," ಎಂದ ವರ ಮಾಲತೇಶ, ಉಪ್ಪಿಟ್ಟಿನ ತಾಟು ಕೆಳಗಿಟ್ಟು. "ಕಾರವಾರದ ಬಂದರದಾಗ ದೋಣಿಯಿಂದ ನೀರಿಗೆ ಸದ್ದು ಬಿಡ್ತೇವಿ. ಅದು ತಳಕ್ಕ ಬಡದು ತಿರುಗಿ ಬರತೈತಿ. ಬಂದ ದನಿ ಕೇಳಿ, ಕೆಳಗ ಕೆಸರೋ, ಉಸುಕೋ, ಕಲ್ಲೋ ಹೇಳಬಹುದು."

ಕನ್ಯಾ ನೋಡಲು ಹಲಗೇರಿಯಿಂದ ಮಟಾಡರ್ ವ್ಯಾನು ಮಾಡಿಕೊಂಡು ಬಂದವರಿಗೆಲ್ಲ ಇದು ಹಳೇ ಪುರಾಣ. ಅವನ ತಾಯಿ ಉಡಚವ್ವ ಆಕಳಿಸಿದಳು. ಬ್ಯಾಡಗಿಯ ಆ ಮನೆಯಲ್ಲಿ ಕಿವಿಗೊಟ್ಟು ಕೇಳಿದವಳು ಅಡುಗೆಮನೆಯ ಬಾಗಿಲ ಹಿಂದಿದ್ದ ಕನ್ಯಾ ಸುಶೀಲಾ ಒಬ್ಬಳೇ.

"ಆಳ ಇಲ್ಲದ ನೀರಾಗ ಮಾತ್ರ ಭಾಳ ಫಜೀತಿರಿ. ದನಿ ಕೆಳಗ ಮ್ಯಾಲೆ ಬಡದು ಮತ್ತ ಮತ್ತ ಬರತೈತಿ. ಮೊದಲು ಬಂದದ್ದೇ ಖರೇ. ಆಮ್ಯಾಲಿನವೆಲ್ಲ ಬ್ಯಾರೇದಕ್ಕ ಬಡದು ಬಂದವು."

ಗಂಡಿನ ಕಡೆಯವರ ಒಪ್ಪಿಗೆ ಆಗಲೇ ಬಂದಾಗಿತ್ತು. ಅವರು ಚಹಾ ಕುಡಿದು ಏಳುವುದರೊಳಗೆ ಹೂಂ ಅಥವಾ ಊಹೂಂ ಹೇಳಬೇಕೆಂದು ಸುಶೀಲಾಳಿಗೆ ಅಪ್ಪನ ಅಪ್ಪಣೆ. ಹುಡುಗ ಹುಡುಗಿಯನ್ನು ಮಾತಾಡಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಉಪ್ಪಿಟ್ಟು ಕೊಟ್ಟಾಗಲೂ ಆ ಪುಣ್ಯಾತ್ಮ ತಾಟನ್ನೇ ನೋಡಿದ್ದ. ಗುರುತು ಪರಿಚಯವಿಲ್ಲದ ಊರಿಗೆ ಇವನೊಬ್ಬನನ್ನೇ ನಂಬಿ ಹೋಗಬೇಕು. ಒಳಗೆ ಕೆಸರೋ ಕಲ್ಲೋ ಯಾರು ಬಲ್ಲರು? ಅವಳಿಗೆ ನಿಜಕ್ಕೂ ಭಯವಾಗಿತ್ತು.

ತೊಳೆದಿಟ್ಟ ಸ್ಟೀಲ್ ತಾಟುಗಳನ್ನೆಲ್ಲ ಎತ್ತಿ, ಕಣ್ಣು ಮುಚ್ಚಿ, ಕೈಬಿಟ್ಟಳು. ಮನೆಯೇ ಕಳಚಿ ಬಿದ್ದಂಥ ಸದ್ದು.

"ಕಾಲ ಮ್ಯಾಲೆ ಬಿತ್ತೇನ್ರಿ?" ಮಾಲತೇಶ ಎದ್ದು ನಿಂತೇಬಿಟ್ಟಿದ್ದ.

"ಕುಂದ್ರೋ! ತಾಟು ಹಿಡಿಯಾಕ ಬರದಾಕಿ ಸಂಸಾರ ಏನ್ ಹಿಡಿದಾಳು?" ಎಂದಳು ಉಡಚವ್ವ.

"ಹೌದ್ ಬಿಡವ್ವ, ನೋಡಿ ಹಿಡೀಬೇಕಿತ್ತು," ಎನ್ನುತ್ತ ಅವನು ಮೆತ್ತಗೆ ಕುಳಿತ.

ಒಳಗೆ ಓಡಿಬಂದ ತಾಯಿ ರೇಣುಕವ್ವ ಹಣೆ ಬಡಿದುಕೊಂಡಳು. "ಮಾನ ಕಳದೆಲ್ಲೇ! ಈಗ ಏನಂತ ಹೇಳ್ಲಿ ಅವರಿಗೆ?"

ಸುಶೀಲಾ ಬಿದ್ದ ತಾಟು ಆರಿಸುತ್ತಲೇ, "ಹೂಂ ಅಂತ ಹೇಳಬೇ," ಎಂದಳು.

ಹೊರಡುವಾಗ ಮಾಲತೇಶ ಚಪ್ಪಲಿ ಹುಡುಕುವ ನೆಪದಲ್ಲಿ ಅಡುಗೆಮನೆಯ ಕಿಟಕಿಯ ಕೆಳಗೆ ಬಗ್ಗಿದ. "ಅಷ್ಟೂ ತಾಟು ಒಮ್ಮೆಲೇ ಕೈ ಜಾರಂಗಿಲ್ರಿ," ಎಂದು ಪಿಸುಗುಟ್ಟಿದ. "ತಳ ಹೆಂಗೈತಿ?"

"ಎರಡು ದನಿ ಬಂದುವ್ರಿ," ಎಂದಳು ಸುಶೀಲಾ. "ಎರಡನೇದು ನಿಮ್ಮವ್ವಗ ಬಡದು ಬಂದಿದ್ದು. ನಾ ಹೂಂ ಅಂದದ್ದು ಮೊದಲನೇದಕ್ಕ."