ಸ್ವಂತ ಕಂಠ

ಸೀರೆ ಅಂಗಡಿಯ ಸಾಹುಕಾರರು ತಮ್ಮ ಷಷ್ಟ್ಯಬ್ದಿಗೆ ತಾವೇ ಒಂದು ಹಾಡು ಹಾಡಿದ್ದರು. 'ಯಜಮಾನರ ಸ್ವಂತ ಕಂಠದಲ್ಲಿ' ಎಂದು ಆಹ್ವಾನ ಪತ್ರಿಕೆಯಲ್ಲೂ ಅಚ್ಚಾಗಿಹೋಗಿತ್ತು. ಆ ಹಾಡನ್ನು ದಾರಿಗೆ ತರಲು ಸ್ಟುಡಿಯೋದ ಷಡಕ್ಷರಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಶ್ರುತಿ ಇದ್ದ ಕಡೆ ತಾಳ ಇರಲಿಲ್ಲ, ತಾಳ ಇದ್ದ ಕಡೆ ಸಾಹಿತ್ಯವೇ ಇರಲಿಲ್ಲ. ಮೂರು ದಿನ ಒದ್ದಾಡಿ, ಕೊನೆಗೆ ಸಾಹುಕಾರರ ದನಿಯನ್ನು ಚೂರು ಚೂರಾಗಿ ಹುಡುಕಿ ಅಳಿಸಿ, ಟ್ರ್ಯಾಕ್ ಹಾಡುವ ಗಾಯಕನೊಬ್ಬನಿಂದ ಇಡೀ ಹಾಡು ಹಾಡಿಸಿ ಕೂರಿಸಿಬಿಟ್ಟ.

ಹಾಡು ಕೇಳಲು ಸಾಹುಕಾರರು ಹೆಂಡತಿಯನ್ನೂ ಕರೆದುಕೊಂಡು ಬಂದರು. ಷಡಕ್ಷರಿ ಜೀವ ಕೈಯಲ್ಲಿ ಹಿಡಿದುಕೊಂಡೇ ಹಾಡು ಹಾಕಿದ. ಪಲ್ಲವಿ ಮುಗಿಯುವಷ್ಟರಲ್ಲಿ ಸಾಹುಕಾರರ ಕಣ್ಣು ತುಂಬಿಬಂತು.

"ಏನಪ್ಪ ಮಾಡ್ದೆ ನನ್ನ ದನಿಗೆ?"

"ಏನಿಲ್ಲ ಸಾಹುಕಾರ್ರೇ, ಚೂರು ಎಕೋ ಕೊಟ್ಟಿದೀನಿ, ಅಷ್ಟೇ."

"ಕೇಳಿದ್ಯೇನೇ? ಬಾಯಿ ಬಿಟ್ರೆ ಸಾಕು, ಮೂವತ್ತೈದು ವರ್ಷದಿಂದ ಸುಮ್ನಿರಿ ಸುಮ್ನಿರಿ ಅಂತಿದ್ದೆ. ಈಗೇನಂತೀಯ?"

ಆಕೆ ಸ್ಪೀಕರಿನ ಕಡೆ ಕಿವಿಯಿಟ್ಟು ಕೂತಿದ್ದರು.

ಅಷ್ಟರಲ್ಲಿ, ಕೊಳಲು ನಿಂತು ಚರಣ ಶುರುವಾಗುವ ಜಾಗದಲ್ಲಿ, ಸ್ಪೀಕರಿನೊಳಗಿಂದ ಯಾರೋ ಎರಡು ಸಲ ಜೋರಾಗಿ ಕೆಮ್ಮಿದರು. ಷಡಕ್ಷರಿ ನಾಲಿಗೆ ಕಚ್ಚಿಕೊಂಡ.

"ಯಾರಯ್ಯ ಅದು?" ಸಾಹುಕಾರರು ರೇಗಿದರು. "ಇಷ್ಟು ಚೆನ್ನಾಗಿ ಹಾಡಿದೀನಿ, ಮಧ್ಯದಲ್ಲಿ ಯಾರೋ ಬಂದು ಕೆಮ್ಮಿ ಕೆಡಿಸಿದಾನಲ್ಲ! ಮೊದ್ಲು ಅದನ್ನ ತೆಗೆದು ಬಿಸಾಕು."

ಅವರ ಹೆಂಡತಿ ಆಗ ಬಾಯಿ ಬಿಟ್ಟರು.

"ಅದೊಂದು ಇರ್ಲಿ ಬಿಡಪ್ಪ. ಇಡೀ ಹಾಡಲ್ಲಿ ಇವ್ರದ್ದು ಅಂತ ಇರೋದು ಅದೊಂದೇ."