ಪರದೆಯ ಆಚೆಯ ಉಸಿರು

"ಆರನೇ ನಂಬರು!" ಎಂದು ದೊಡ್ಡ ಮೇಷ್ಟ್ರು ಕೂಗಿದರು. ಪರದೆಯ ಆಚೆ ಹಾರ್ಮೋನಿಯಂ ಶುರುವಾಯಿತು, ಅದರ ಬೆನ್ನಿಗೇ ಒಂದು ಹುಡುಗಿಯ ದನಿ. ಮೊದಲ ಸಾಲು ಮುಗಿಸಿ ಹಾಡು ಮೇಲಕ್ಕೆ ಹತ್ತುವ ಮುನ್ನ ಆ ದನಿ ಚಿಕ್ಕದೊಂದು ಉಸಿರು ಎಳೆದುಕೊಂಡಿತು, ಬಿಕ್ಕಿದ ಹಾಗೆ. ಈಚೆ ಕುರ್ಚಿಯಲ್ಲಿ ಕುಳಿತಿದ್ದ ಹಾಡಿನ ಮೇಡಂಗೆ ಎದೆ ಧಸಕ್ಕೆಂದಿತು. ಅಯ್ಯೋ ದೇವರೇ, ಇವಳೇ!

ಇವಳೆಂದರೆ ಅವರ ಮಗಳು. ಲಂಗ ಹಾಕುವ ವಯಸ್ಸಿನಿಂದಲೂ ಅವಳಿಗೆ ಆ ಅಭ್ಯಾಸ. "ಮೇಲಿನ ಸ್ವರಕ್ಕೆ ಹೋಗೋ ಮುಂಚೆ ಹಾಗೆ ಬಿಕ್ಕಬೇಡ್ವೇ" ಎಂದು ಹೇಳಿ ಹೇಳಿ ಮೇಡಂ ಬಾಯಿ ಸೋತಿತ್ತು. ಸಾವಿರ ದನಿಗಳ ನಡುವೆಯೂ ಆ ಬಿಕ್ಕನ್ನು ಅವರು ಗುರುತು ಹಿಡಿದಾರು.

ಪರದೆ ಕಟ್ಟಿಸಿದವರೂ ಅವರೇ ಅನ್ನಿ. ಕಳೆದ ವರ್ಷ ವಿಶ್ವವಿದ್ಯಾಲಯದ ನಾಟಕ ವಿಭಾಗ ಆಡಿದ ಸಂಗೀತ ನಾಟಕದಲ್ಲಿ ಮಗಳಿಗೆ ಮುಖ್ಯ ಪಾತ್ರ ಸಿಕ್ಕಿತ್ತು. "ಅಮ್ಮ ಮಣೆ ಹಾಕಿದ್ರು, ಮಗಳು ಹೋಗಿ ಕೂತ್ಲು" ಎಂದು ಕ್ಯಾಂಟೀನಿನ ತುಂಬ ಆಡಿಕೊಂಡರು. ಮಗಳು ಆ ವಾರವೆಲ್ಲ ಊಟ ಬಿಟ್ಟು ಅತ್ತಿದ್ದಳು. ಈ ಸಲ ಮೂರು ನಾಟಕ, ಎರಡು ಸಂಗೀತ ನಾಟಕ. ಕೊನೆಯ ಸಂಗೀತ ನಾಟಕದಲ್ಲಿ ದೋಣಿ ನಡೆಸುವವಳ ಪಾತ್ರಕ್ಕೆ ಹುಡುಗಿಯರೆಲ್ಲ ಆಸೆಗಣ್ಣು ಬಿಟ್ಟಿದ್ದರು. ಇವತ್ತಿನ ಆಯ್ಕೆ ಅದಕ್ಕೇ. "ಹಾಡೋರು ಪರದೆ ಹಿಂದೆ ನಿಂತು ಹಾಡ್ಲಿ. ಮುಖವೇ ಕಾಣ್ದಿದ್ರೆ ಮುಖ ನೋಡಿ ಕೊಟ್ರು ಅನ್ನೋಕೆ ಯಾರಿಗೆ ಬಾಯಿದೆ?" ಎಂದು ಮೇಡಂ ಹಟ ಹಿಡಿದಿದ್ದರು. ಸಾಲದ್ದಕ್ಕೆ ಮಗಳ ತಾಲೀಮೂ ತಮ್ಮ ಕಿವಿಗೆ ಬೀಳಬಾರದೆಂದು ಅವಳನ್ನು ಗೆಳತಿಯ ರೂಮಿಗೆ ಅಟ್ಟಿದ್ದರು.

ಅಷ್ಟೆಲ್ಲ ಮಾಡಿದರೂ ಕಿವಿಗೆ ಯಾವ ಪರದೆ ಕಟ್ಟುವುದು?

ಎಲ್ಲರ ಹಾಡೂ ಮುಗಿಯಿತು. ದೊಡ್ಡ ಮೇಷ್ಟ್ರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ವಿಭಾಗದ ಮುಖ್ಯಸ್ಥರಾದರೂ ಹಾಡಿನ ವಿಷಯ ಬಂದರೆ ಅವರು ಮೇಡಂ ಮಾತು ಮೀರುವವರಲ್ಲ.

"ಎರಡು, ಇಲ್ಲಾ ಆರು. ಮಿಕ್ಕೋರೆಲ್ಲ ದೂರವೇ ಉಳಿದ್ರು. ನಂಗಂತೂ ಆರೇ ತಾಕಿದ್ದು ನೋಡಿ. ಆ ಉಸಿರು ಎಳ್ಕೊಂಡ್ಳಲ್ಲ, ಆಹಾ! ದೋಣಿಗೆ ಹುಟ್ಟು ಹಾಕೋಳು ಹಾಗೇ ಅಲ್ವಾ ಉಸಿರು ಎಳ್ಕೊಳ್ಳೋದು? ನೀವೇನಂತೀರಿ?"

ಮೇಡಂಗೂ ಹಾಗೇ ಅನಿಸಿತ್ತು. ಮೊದಲ ಬಾರಿಗೆ ಆ ಬಿಕ್ಕು ಹಾಡಿನೊಳಗೆ ಸರಿಯಾಗಿ ಹೋಗಿ ಕೂತಿತ್ತು. ಆದರೆ ಕ್ಯಾಂಟೀನಿನ ಬಾಯಿಗಳು ನೆನಪಾದವು.

"ಎರಡು," ಎಂದರು. "ಆರು ಇನ್ನೂ ಪಳಗಬೇಕು."

ಹೇಳಿದ ಮೇಲೆ, ಸುಳ್ಳೇಕೆ, ಒಂದಿಷ್ಟು ಹೆಮ್ಮೆಯೇ ಆಯಿತು. ಇನ್ನು ಯಾರು ಬೆರಳು ತೋರಿಸುತ್ತಾರೋ ತೋರಿಸಲಿ!

ದೊಡ್ಡ ಮೇಷ್ಟ್ರು "ಎರಡನೇ ನಂಬರು" ಎಂದು ಗಟ್ಟಿಯಾಗಿ ಸಾರಿದ್ದೇ ತಡ, ಪರದೆಯನ್ನು ಸರಿಸಿಕೊಂಡು ಮಗಳು ಓಡಿಬಂದಳು. ಅಮ್ಮನ ಕೊರಳಿಗೆ ಜೋತುಬಿದ್ದಳು.

"ಅಮ್ಮಾ, ಬಿಕ್ಕಲೇ ಇಲ್ಲ ನೋಡು! ಒಂದು ಸಲಾನೂ! ಎಷ್ಟು ತಿದ್ದಿ ತೀಡಿ ಬಂದಿದೀನಿ ಗೊತ್ತಾ?"

ಮೇಡಂ ಅವಳ ಕೈಗಳನ್ನು ಕೊರಳಿನಿಂದ ಬಿಡಿಸಿದರು. "ಹಾಗಾದ್ರೆ... ಆರನೇದು ಯಾರೇ?"

"ಗುಬ್ಬಿ! ನಾನು ದಿನಾ ಹೋಗ್ತಿದ್ದೆನಲ್ಲ, ಆ ರೂಮಿನೋಳು. ಪೆದ್ದಿ, ನನ್ನ ಜೊತೆ ಹಾಡಿ ಹಾಡಿ ನಾನು ಬಿಟ್ಟ ಬಿಕ್ಕನ್ನ ತಾನು ಹಿಡ್ಕೊಂಡಿದಾಳೆ. ಇರು, ಅಜ್ಜಿಗೆ ಫೋನ್ ಮಾಡ್ಬೇಕು!" ಎಂದು ಕಾರಿಡಾರಿಗೆ ಹಾರಿದಳು.

ಮೇಡಂ ಕುರ್ಚಿಯ ತೋಳು ಹಿಡಿದು ಕೂತರು. ಬಿಕ್ಕಿಲ್ಲದ ಮಗಳ ದನಿ ಅವರ ಕಿವಿಗೆ ಗುರುತೇ ಹತ್ತಿರಲಿಲ್ಲ. ಅನ್ಯಾಯ ಆಗಬಾರದೆಂದು ಪರದೆ ಕಟ್ಟಿ, ಅದರ ಈಚೆ ತಾವೇ ಕೂತು ಅನ್ಯಾಯ ಮಾಡಿದ್ದರು. ಅದೂ ಪರರ ಮನೆಯ ಕೂಸಿಗೆ. ಅಷ್ಟರಲ್ಲಿ ಒಣಕಲು ಮೈಯ ಹುಡುಗಿಯೊಬ್ಬಳು ಬಂದು ಎದುರಿಗೆ ನಿಂತಳು. ಕಣ್ಣು ಕೆಂಪಾಗಿದ್ದರೂ ಮುಖದಲ್ಲಿ ನಗು ಇಟ್ಟುಕೊಂಡಿದ್ದಳು. ಗುಬ್ಬಿಯೆಂದರೆ ಇವಳೇ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಬೇಜಾರೇನಿಲ್ಲ ಮೇಡಂ. ಮುಂದಿನ ವರ್ಷಕ್ಕೆ ತಿದ್ಕೋತೀನಿ. ನನ್ನ ತಪ್ಪು ಎಲ್ಲಿತ್ತು, ಅದೊಂದು ಹೇಳ್ಬಿಡಿ."

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. "ಉಸಿರು ತಿದ್ಕೊಳಮ್ಮ" ಅಂದರೆ ಮುಗಿಯಿತು. ಪೂರ್ತಿ ಸುಳ್ಳೂ ಅಲ್ಲ. ಹುಡುಗಿ ನಮಸ್ಕಾರ ಹೇಳಿ ಹೋಗುತ್ತಾಳೆ, ಹಾಡಿನ ಜೀವದಂತಿದ್ದ ಆ ಉಸಿರನ್ನು ವರ್ಷವಿಡೀ ಕೂತು ಕೀಳುತ್ತಾಳೆ. ಅತ್ತ ಕಾರಿಡಾರಿನಿಂದ ಮಗಳ ದನಿ ಕೇಳುತ್ತಿತ್ತು: "ಹೂಂ ಅಜ್ಜಿ, ನಂಗೇ! ಪರದೆ ಹಿಂದೆ ನಿಂತು ಹಾಡಿದ್ದು ಅಜ್ಜಿ! ಈ ಸಲ ಯಾರೂ ಏನೂ ಅನ್ನೋ ಹಾಗೇ ಇಲ್ಲ!"

ಮೇಡಂ ಎದ್ದು ನಿಂತರು. ಪರದೆ ಮಡಚುತ್ತಿದ್ದ ದೊಡ್ಡ ಮೇಷ್ಟ್ರಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದರು.

"ತಪ್ಪು ಪರದೆಯ ಈಚೆ ಆಗಿದ್ದು ಮಗೂ. ಹಾಡ್ತಿರೋದು ನನ್ನ ಮಗಳು ಅಂದ್ಕೊಂಡು ನಿನ್ನ ತಳ್ಳಿಬಿಟ್ಟೆ."

ಕಾರಿಡಾರಿನಲ್ಲಿ ಮಾತು ಗಕ್ಕನೆ ನಿಂತಿತು. ಫೋನಿನೊಳಗಿಂದ ಅಜ್ಜಿ ಮಾತ್ರ "ಹಲೋ, ಹಲೋ, ಏನಾಯ್ತೇ?" ಎನ್ನುತ್ತಲೇ ಇದ್ದಳು.